ಮೂರೂ ಹೆಸರಿನವ ಒಬ್ಬನೇ

ಶಹಾಪುರ ತಹಸೀಲ್ ಕಚೇರಿ ಎದುರಿಗೆ, ಬೇವಿನ ಗಿಡದ ಬಾಜೂಕ
ನನ್ನ ಅಂಗಡಿ. ಜೆರಾಕ್ಸ್, ಪಹಣಿ, ಲ್ಯಾಮಿನೇಶನ್, ಫೋಟೊ.
ಮಶೀನು ಬಿಸಿ ಆಗಲಾಕ ಎರಡು ನಿಮಿಷ ಬೇಕು,
ಆ ಎರಡು ನಿಮಿಷದಾಗ ಜನ
ಮನ್ಯಾಗ ಹೇಳದ್ದು ನನಗ ಹೇಳ್ತಾರ.

ಅಮೋಗಸಿದ್ಧ ಬಂದ. ಕೈಯಾಗ ಪ್ಲಾಸ್ಟಿಕ್ ಚೀಲ,
ಚೀಲದಾಗ ಮತ್ತೊಂದು ಚೀಲ, ಅದರಾಗ ಪಾಸ್‌ಪೋರ್ಟ್.
"ರಜಿಯಾ ಅಕ್ಕಾ, ಹನ್ನೊಂದು ದಿನ ಉಳಿದಾವ."

ದಮ್ಮಾಮ್‌ದಾಗ ನಾಕು ವರ್ಷ ವೆಲ್ಡಿಂಗ್ ಮಾಡ್ಯಾನ.
ಕಾರ್ಡಿನಾಗ ಮಾತ್ರ ಬರೆದದ: ಕುರಿ ಕಾಯಾಂವ.
ಆ ವೀಸಾ ಅಗ್ಗ ಇತ್ತಂತ, ಏಜೆಂಟ ಅದನ್ನೇ ಮಾರಿದ.
ನಾಕು ವರ್ಷದಾಗ ಒಂದು ಕುರಿನೂ ಕಂಡಿಲ್ಲ ಇವ,
ಹಬ್ಬದ ದಿನ ತಾಟಿನಾಗ ಬಂದದ್ದು ಬಿಟ್ರ.

ಈಗ ಬ್ಯಾರೆ ಕಂಪನಿ ಕರೆದದ. ಪಗಾರ ಹೆಚ್ಚು, ಹುದ್ದೆ ಖರೇದು.
ಹೊಸಬರು ಅಂತಾರ: ಮೊದಲು ಇಲ್ಲಿ ಬಂದು ಇಳಿ, ಆಮ್ಯಾಲ ಬದಲಿ.
ಹಳೇ ಮಾಲಕ ಅಂತಾನ: ಬಿಟ್ಟು ಹೋಗಾಂವಗ
ನಾ ಯಾಕ ಬಾಗಲಾ ತೆರೀಲಿ?
ವಾಪಸ್ ಹೋಗೋ ಪರ್ಮಿಟ್ ಮುಗೀಲಾಕ ಬಂದದ,
ಅದನ್ನ ಮುಂದ ಹಾಕಾಂವ ಅವನೇ. ಅವನ ಫೋನಿನಾಗ
ಹೆಬ್ಬೆಟ್ಟಿಲೆ ಒಮ್ಮೆ ಒತ್ತಿದರ ಸಾಕು.
ಒತ್ತವಲ್ಲ.

ನಮ್ಮ ಕಡಿ ಹೆಬ್ಬೆಟ್ಟು ಅಂದ್ರ ಓದು ಬರದವರದು,
ಇಂಕಿನ ಡಬ್ಬಿ ನಾನೇ ಹಿಡೀತೀನಿ.

ಹೆಸರಿನ ತೊಡಕು ಬ್ಯಾರೆ.
ಐಟಿಐ ಸರ್ಟಿಫಿಕೇಟಿನಾಗ ಅಮೋಗಸಿದ್ದ,
ಪಾಸ್‌ಪೋರ್ಟಿನಾಗ ಎರಡು ತುಂಡು, ಅಮೋಘ, ಸಿದ್ಧಪ್ಪ.
ಕಾರ್ಡು ಅರಬ್ಬಿ. ನಾ ಸಣ್ಣಾಕಿದ್ದಾಗ ಮದರಸಾದಾಗ ಕಲಿತದ್ದು,
ಅಕ್ಷರ ಕೂಡಿಸಿ ಓದಿದೆ: ಅಮೂಜಾ ಸಿದಾ.
ಅವರಿಗೆ 'ಗ' ಇಲ್ಲ ಮಾರಾಯಾ, ಅಂದೆ,
ನಿನ್ನ 'ಗ' ಸಮುದ್ರದಾಗ ಬಿದ್ದದ.

ನೂರು ರೂಪಾಯಿ ಬಾಂಡಿನ ಮ್ಯಾಲ ಟೈಪ್ ಮಾಡಿದೆ:
'ಸದರಿ ಮೂರೂ ಹೆಸರುಗಳುಳ್ಳ ವ್ಯಕ್ತಿಯು ಒಬ್ಬನೇ ಆಗಿದ್ದು
ಅವನು ನಾನೇ ಎಂದು ಪ್ರಮಾಣಪೂರ್ವಕವಾಗಿ'
ಅಷ್ಟರಾಗ ಅವ ಕೇಳ್ದ, "ಖರೇನ ಅಕ್ಕಾ?"
ನಾ ಪೂರ್ಣವಿರಾಮ ಹಾಕಿದೆ.

ಸಾಕ್ಷಿಗೆ ಸೋದರಮಾವ ಬಂದಿದ್ದ, ಹೆಗಲ ಮ್ಯಾಲ ಕಂಬಳಿ,
ಬುದ್ಧ ಮಲಗಿದ ಗುಡ್ಡದ ಬುಡಕ ಅರವತ್ತು ಕುರಿ
ಮೊಮ್ಮಗನ ಕೈಯಾಗ ಬಿಟ್ಟು.
"ಕುರಿ ಕಾಯಾಂವ? ಇವ?" ನಗುತ್ತ ನಗುತ್ತ ಕೆಮ್ಮಿದ.
"ಮರಿ ಎತ್ತಲಾಕ ಬರಂಗಿಲ್ಲ ಇವನಿಗೆ,
ಕಾಲು ಹಿಡದು ಎಳೀತಾನ!"
ಆಮ್ಯಾಲ ಸುಮ್ಮನಾಗಿ ಕೇಳ್ದ,
"ಅಲ್ಲಿ ಬರೇ ಉಸುಕಂತ. ಏನ್ ತಿಂತಾವ, ಪಾಪ?"
ನಮ್ಮಿಬ್ಬರಿಗೂ ಗೊತ್ತಿರಲಿಲ್ಲ.

ಕೆಲಸ ಗೊತ್ತದ ಅನ್ನಲಾಕ ರುಜುವಾತು ಕೇಳ್ಯಾರ,
ಹಳೇ ಮಾಲಕನ ಸಹಿ ಇದ್ದದ್ದು.
ಅಮೋಗಸಿದ್ಧ ಅಂಗಿ ತೋಳು ಮ್ಯಾಲ ಸರಿಸಿದ.
ಮುಂಗೈ ತುಂಬ ಕಿಡಿ ಕಚ್ಚಿದ ಕಲೆ,
ಜ್ವಾಳ ಚೆಲ್ಲಿದಂಗ.
ಚಾಷ್ಟಿಗಿ ಗಾಜಿನ ಮ್ಯಾಲ ಕೈ ಇಟ್ಟ,
ನಾನೂ ಹಸಿರು ಗುಂಡಿ ಒತ್ತೇಬಿಟ್ಟೆ.
ಕರೀ ಹಾಳಿ ಬಂತು, ಬೆಳ್ಳನೆ ಬೆರಳು,
ಕಲೆ ಒಂದೂ ಮೂಡಿರಲಿಲ್ಲ.
ಎರಡು ರೂಪಾಯಿ ಕೊಡಲಾಕ ಬಂದ, ತಗೊಳ್ಳಲಿಲ್ಲ.

ಅವತ್ತು ಶುಕ್ರವಾರ. ಅಲ್ಲಿ ಸೂಟಿ.
ಶನಿವಾರನೂ ಸೂಟಿ.
ಆಯಿತವಾರ ಅವರು ಬಾಗಲಾ ತೆರದರ
ಇಲ್ಲಿ ನೋಟರಿ ವಕೀಲರು ಕಲಬುರಗಿಗೆ, ಮಗಳ ಮನಿಗೆ.
ನಡಬರಕ ಮೂರು ದಿನ ಯಾರ ಲೆಕ್ಕದಾಗೂ ಇಲ್ಲ,
ಪರ್ಮಿಟಿನ ಲೆಕ್ಕದಾಗ ಅದಾವ.

ಅವರು ಹೋದ ಮ್ಯಾಲ ಫೈಲು ಕಾದಿಡಲಾಕ ಹೋದೆ.
ಹೆಸರು ಏನಂತ ಇಡಲಿ, ಅಂತ ಕೇಳ್ತು ಕಂಪ್ಯೂಟರ್.
ಮೂರರಾಗ ಯಾವುದು?
ಕುರಿ, ಅಂತ ಹೊಡದೆ, ಅಳಿಸಿದೆ.
ಹನ್ನೊಂದು ದಿನ, ಅಂತ ಇಟ್ಟೆ.
ಶಟರ್ ಎಳಿಯೋ ಹೊತ್ತಿಗೆ ಹೊಳೀತು,
ನಾಳೆ ಬಂದು ತಿದ್ದಬೇಕು.